ಕಿಲ್ಲಾರಿಯ ಗೋಡೆಗಳ ಲೆಕ್ಕ

ಕಲಬುರಗಿಯಿಂದ ಆಳಂದದ ಮೇಲೆ ಉಮರ್ಗಾಕ್ಕೆ ಹೋಗುವ ಬಸ್ಸಿನ ಕಿಟಕಿಯ ಬಳಿ ಕುಳಿತವರಿಗೆ ಕರ್ನಾಟಕ ಎಲ್ಲಿ ಮುಗಿಯಿತು, ಮಹಾರಾಷ್ಟ್ರ ಎಲ್ಲಿ ಶುರುವಾಯಿತು ಎಂಬುದು ಅಂಗಡಿಗಳ ಬೋರ್ಡು ನೋಡಿದರಷ್ಟೇ ತಿಳಿಯುತ್ತದೆ. ನೆಲಕ್ಕೆ ಆ ಗಡಿ ಗೊತ್ತಿಲ್ಲ. ಅದೇ ಎರೆಭೂಮಿ, ಅದೇ ಜೋಳ, ತೊಗರಿ, ಅಲ್ಲಲ್ಲಿ ಕಬ್ಬು. ಊರೊಳಗಿನ ಹಳೆಯ ಮನೆಗಳೂ ಒಂದೇ ಅಚ್ಚಿನವು. ಕರಿಕಲ್ಲಿನ ದಪ್ಪ ಗೋಡೆ. ಬೀದಿಯ ಕಡೆಗೆ ಕಿಟಕಿ ಇಲ್ಲ. ಇದ್ದರೂ ಒಂದು ಸಣ್ಣ ಕಿಂಡಿ. ತಲೆ ತಗ್ಗಿಸಿ ಒಳಗೆ ಹೋಗಬೇಕಾದ ಬಾಗಿಲು. ಮೇಲೆ ಸಪಾಟಾದ ಮಣ್ಣಿನ ಮಾಳಿಗೆ. ಆ ಕಡೆಯವರು ಇದನ್ನು ಮಾಳವದ ಎನ್ನುತ್ತಾರೆ, ಈ ಕಡೆಯವರು ಮಾಳಿಗೆ ಎನ್ನುತ್ತಾರೆ. ಮನೆಯ ಅಳತೆ ಹೇಳುವಾಗ ಅವರು ಇಷ್ಟು ಖಣ ಎಂದರೆ ಇವರು ಇಷ್ಟು ಅಂಕಣ ಎನ್ನುತ್ತಾರೆ. ಎರಡೂ ಒಂದೇ. ನಾಲ್ಕು ಕಂಬಗಳ ನಡುವಿನ ಜಾಗ.

ಉಮರ್ಗಾದಿಂದ ಉತ್ತರಕ್ಕೆ ತಿರುಗಿ, ತೇರಣಾ ನದಿಯ ಸೀಮೆಗೆ ಬಂದರೆ ಕಿಲ್ಲಾರಿ. ಲಾತೂರ್ ಜಿಲ್ಲೆಯ ಔಸಾ ತಾಲ್ಲೂಕಿನ ಊರು. ಬಸವಕಲ್ಯಾಣದಿಂದ ನಕ್ಷೆಯ ಮೇಲೆ ನೇರ ಗೆರೆ ಎಳೆದರೆ ಐವತ್ತು ಕಿಲೋಮೀಟರೂ ಆಗುವುದಿಲ್ಲ. ಈ ಸೀಮೆಗೆ ಬಂದಂತೆ ಹಳೆಯ ಮಾಳಿಗೆ ಮನೆಗಳು ಕಡಿಮೆಯಾಗುತ್ತಾ ಬಂದು, ಒಂದು ಹಂತದಲ್ಲಿ ಕಾಣಿಸುವುದೇ ನಿಂತುಹೋಗುತ್ತವೆ. ಅವುಗಳ ಬದಲು ಅಡಿಪಟ್ಟಿ ಹಿಡಿದು ಗೆರೆ ಎಳೆದಂತಹ ನೇರ ರಸ್ತೆಗಳು, ಒಂದರ ಪಕ್ಕ ಒಂದು ಒಂದೇ ರೀತಿಯ ಮನೆಗಳು. ಊರೆಂದರೆ ಸುತ್ತಿ ಬಳಸಿ ಹೋಗುವ ಓಣಿಗಳು, ಅಗಸಿ ಬಾಗಿಲು, ಕಟ್ಟೆ ಎಂದುಕೊಂಡವರಿಗೆ ಇದು ಊರೋ, ಸರ್ಕಾರಿ ಕ್ವಾರ್ಟರ್ಸೋ ಎಂಬ ಅನುಮಾನ ಬರುತ್ತದೆ. ಹಳೆಯ ಊರು ಬೇರೆ ಕಡೆ ಇದೆ. ಅಲ್ಲಿ ಈಗ ಯಾರೂ ವಾಸವಿಲ್ಲ.

1993ರ ಸೆಪ್ಟೆಂಬರ್ 30, ಗುರುವಾರ. ಹಿಂದಿನ ರಾತ್ರಿ ಗಣಪತಿಯನ್ನು ನೀರಿಗೆ ಬಿಟ್ಟು ಬಂದ ಜನ ದಣಿದು ಮಲಗಿದ್ದರು. ಬೆಳಗಿನ ಜಾವ ನಾಲ್ಕು ಗಂಟೆಗೆ ಇನ್ನೂ ಕೆಲವು ನಿಮಿಷ ಇರುವಾಗ ನೆಲ ನಡುಗಿತು. ಭೂಕಂಪದ ಪ್ರಮಾಣ ಸುಮಾರು 6.2. ಕೇಂದ್ರ ಇದ್ದದ್ದು ಭೂಮಿಯೊಳಗೆ ಸುಮಾರು ಹತ್ತು ಕಿಲೋಮೀಟರ್ ಆಳದಲ್ಲಿ, ಅಂದರೆ ಬಹಳ ಮೇಲೆಯೇ. ಕಲಬುರಗಿ, ಬೀದರಗಳಲ್ಲೂ ಜನ ಎದ್ದು ಮನೆಯಿಂದ ಹೊರಗೆ ಓಡಿದರು. ಲಾತೂರ್ ಮತ್ತು ಅಂದಿನ ಉಸ್ಮಾನಾಬಾದ್ (2023ರಿಂದ ಅದು ಧಾರಾಶಿವ) ಜಿಲ್ಲೆಗಳ ಐವತ್ತಕ್ಕೂ ಹೆಚ್ಚು ಹಳ್ಳಿಗಳು ನೆಲಸಮವಾದವು. ಸತ್ತವರು ಎಂಟು ಸಾವಿರದಷ್ಟು.

ಈ ಸಂಖ್ಯೆಯ ಪಕ್ಕದಲ್ಲಿ ಇನ್ನೊಂದನ್ನು ಇಟ್ಟು ನೋಡಬೇಕು. 1989ರ ಅಕ್ಟೋಬರ್ 17ರಂದು ಅಮೆರಿಕದ ಸ್ಯಾನ್‌ಫ್ರಾನ್ಸಿಸ್ಕೊ ಬಳಿ ನಡೆದ ಭೂಕಂಪದ ಪ್ರಮಾಣ 6.9. ಬಿಡುಗಡೆಯಾದ ಶಕ್ತಿಯ ಲೆಕ್ಕದಲ್ಲಿ ಕಿಲ್ಲಾರಿಯದಕ್ಕಿಂತ ಹತ್ತು ಪಟ್ಟು ದೊಡ್ಡದು. ಸತ್ತವರು 63 ಮಂದಿ. ಅಲ್ಲಿ ಅದು ಸಂಜೆ ಐದರ ಹೊತ್ತು, ಇಲ್ಲಿ ಎಲ್ಲರೂ ಸೂರಿನ ಕೆಳಗೆ ಮಲಗಿದ್ದ ವೇಳೆ ಎಂಬುದು ನಿಜ. ಆದರೂ ಅರವತ್ತಮೂರಕ್ಕೂ ಎಂಟು ಸಾವಿರಕ್ಕೂ ಇರುವ ಅಂತರವನ್ನು ಗಡಿಯಾರದ ಮೇಲೆ ಹಾಕಿ ಸುಮ್ಮನಾಗಲು ಬರುವುದಿಲ್ಲ. ಆ ಅಂತರ ಇದ್ದದ್ದು ಗೋಡೆಯಲ್ಲಿ ಮತ್ತು ಸೂರಿನಲ್ಲಿ.

ನಕ್ಷೆಯೂ ಮೋಸ ಮಾಡಿತ್ತು. ಆಗ ಜಾರಿಯಲ್ಲಿದ್ದ 1984ರ ನಕ್ಷೆ ದೇಶವನ್ನು ಐದು ಭೂಕಂಪ ವಲಯಗಳಾಗಿ ಹಂಚಿತ್ತು. ಕಿಲ್ಲಾರಿ ಇದ್ದದ್ದು ಒಂದನೆಯ ವಲಯದಲ್ಲಿ, ಎಂದರೆ ಎಲ್ಲಕ್ಕಿಂತ ನಿರ್ಭಯವಾದ ವಲಯದಲ್ಲಿ. ಇಲ್ಲಿ ಭೂಕಂಪವಾದರೂ ತೀವ್ರತೆ ಐದನ್ನು ಮೀರದು ಎಂಬುದು ಅದರ ಅರ್ಥ. (ಪ್ರಮಾಣ ಬೇರೆ, ತೀವ್ರತೆ ಬೇರೆ. ಪ್ರಮಾಣವೆಂದರೆ ದೀಪ ಎಷ್ಟು ವ್ಯಾಟಿನದು ಎಂಬುದು. ತೀವ್ರತೆ ಎಂದರೆ ನೀವು ಕುಳಿತ ಜಾಗದಲ್ಲಿ ಎಷ್ಟು ಬೆಳಕು ಬಿದ್ದಿದೆ ಎಂಬುದು. ಪತ್ರಿಕೆಗಳೂ ಇವೆರಡನ್ನು ಆಗಾಗ ಕಲಸಿಬಿಡುತ್ತವೆ.) ತೀವ್ರತೆ ಐದು ಎಂದರೆ ಮಲಗಿದವರು ಎಚ್ಚರಗೊಳ್ಳುತ್ತಾರೆ, ನೇತುಹಾಕಿದ ವಸ್ತುಗಳು ತೂಗಾಡುತ್ತವೆ, ಅಷ್ಟೆ. ಆ ದಿನ ಕಿಲ್ಲಾರಿಯಲ್ಲಿ ಅದು ಎಂಟರಿಂದ ಒಂಬತ್ತು. ದಖನ್ನಿನ ನೆಲ ಗಟ್ಟಿ, ಅಲುಗಾಡದು ಎಂಬ ನಂಬಿಕೆ ಬಹಳ ಹಳೆಯದು. 1967ರ ಡಿಸೆಂಬರಿನಲ್ಲಿ ಕೊಯ್ನಾ ನಡುಗಿದಾಗಲೇ ಅದಕ್ಕೆ ಮೊದಲ ಏಟು ಬಿದ್ದಿತ್ತು. ಆಮೇಲೆ ಕೊಯ್ನಾ ಸುತ್ತ ನಕ್ಷೆಯ ಬಣ್ಣ ಬದಲಾಯಿತು. ಕಿಲ್ಲಾರಿಯ ಸುತ್ತ ಬಣ್ಣ ಬದಲಾದದ್ದು 2002ರಲ್ಲಿ. ಆ ವರ್ಷದ ನಕ್ಷೆಯಲ್ಲಿ ಒಂದನೆಯ ವಲಯವನ್ನೇ ತೆಗೆದುಹಾಕಿ, ಕಿಲ್ಲಾರಿ ಸೀಮೆಯನ್ನು ಮೂರಕ್ಕೆ ಏರಿಸಿದರು. ಊರು ಬಿದ್ದ ಮೇಲೆ ಬಂದ ಬಡ್ತಿ.

ಆಮೇಲೆ ವಿಜ್ಞಾನಿಗಳು ಇಲ್ಲಿ ಕೊಳವೆ ಕೊರೆದು ನೋಡಿದರು. ಮೇಲಿನ ಕರಿಕಲ್ಲಿನ ಹೊದಿಕೆ, ಅಂದರೆ ಆರೂವರೆ ಕೋಟಿ ವರ್ಷಗಳ ಹಿಂದೆ ಹರಿದ ಲಾವಾ, ಮುನ್ನೂರು ಮೀಟರಿಗೂ ಸ್ವಲ್ಪ ಹೆಚ್ಚು. ಅದರ ಕೆಳಗೆ ಅದಕ್ಕಿಂತ ಎಷ್ಟೋ ಪಟ್ಟು ಹಳೆಯ ಶಿಲೆ. ಆ ಹಳೆಯ ಶಿಲೆಯಲ್ಲಿರುವ ಬಿರುಕುಗಳು ಮೇಲಿನ ಕರಿಯ ಕಂಬಳಿಯ ಕೆಳಗೆ ಮುಚ್ಚಿಹೋಗಿವೆ. 1992ರಲ್ಲೇ ಇಲ್ಲಿ ಸಣ್ಣ ಸಣ್ಣ ಕಂಪನಗಳಾಗಿ ಜನ ಹೆದರಿದ್ದರು. ನಂತರ ಅವು ಕಡಿಮೆಯಾದವು, ಜನ ಒಳಗೆ ಬಂದು ಮಲಗಿದರು.

ಮಾಳಿಗೆಯ ತೂಕ

ಕಿಲ್ಲಾರಿಯ ಮನೆಯನ್ನು ಬೈಯುವ ಮೊದಲು ಅದು ಏಕೆ ಹಾಗಿತ್ತು ಎಂದು ತಿಳಿಯುವುದು ನ್ಯಾಯ. ಏಪ್ರಿಲ್, ಮೇ ತಿಂಗಳಿನಲ್ಲಿ ಇಲ್ಲಿ ಬಿಸಿಲು ನಲವತ್ತು ಡಿಗ್ರಿ ದಾಟುತ್ತದೆ. ತಗಡಿನ ಮನೆಯಲ್ಲಿ ಮಧ್ಯಾಹ್ನ ಕೂರಲಾಗದು. ಮಣ್ಣಿನ ಮಾಳಿಗೆಯ ಕೆಳಗೆ ತಂಪು. ಕಲ್ಲು ಹೊಲದಲ್ಲೇ ಸಿಗುತ್ತದೆ, ಮಣ್ಣು ಕಾಲ ಕೆಳಗೇ ಇದೆ, ಮರ ಮಾತ್ರ ದುಡ್ಡು ಕೊಟ್ಟು ತರಬೇಕು. ಕಂಬ ನಿಲ್ಲಿಸಿ, ತೊಲೆ ಇಟ್ಟು, ಜಂತಿ ಹಾಸಿ, ಅದರ ಮೇಲೆ ಹಲಗೆ ಬಡಿದು, ಮೇಲೆ ಮಣ್ಣು ಹಾಕಿ ಧಮ್ಮಸ್ಸು ಮಾಡುತ್ತಾರೆ. ಮಳೆಗಾಲದಲ್ಲಿ ಎಲ್ಲೋ ಒಂದು ಕಡೆ ಸೋರುತ್ತದೆ. ಮರುವರ್ಷ ಮಳೆಗೆ ಮುಂಚೆ ಮೇಲೆ ಇನ್ನೊಂದು ಪದರ ಮಣ್ಣು. ಅದರ ಮರುವರ್ಷ ಮತ್ತೊಂದು. ಹಳೆಯ ಪದರವನ್ನು ಕೆತ್ತಿ ತೆಗೆಯುವವರು ಕಡಿಮೆ. ಅಜ್ಜನ ಕಾಲದಲ್ಲಿ ಒಂದಡಿ ಇದ್ದ ಮಾಳಿಗೆ ಮೊಮ್ಮಗನ ಕಾಲಕ್ಕೆ ಎರಡಡಿ ಮುಟ್ಟುತ್ತದೆ. ಮನೆಗೆ ವಯಸ್ಸಾಗಿ ಕಂಬದ ಬುಡ ಗೆದ್ದಲು ಹಿಡಿಯುತ್ತಿದ್ದಂತೆ ತಲೆಯ ಮೇಲಿನ ಹೊರೆ ಮಾತ್ರ ಬೆಳೆಯುತ್ತಲೇ ಹೋಗುತ್ತದೆ.

ಈ ಹೊರೆಯನ್ನು ಹೈಸ್ಕೂಲು ಹುಡುಗರೂ ಲೆಕ್ಕ ಹಾಕಬಹುದು. ಹತ್ತಡಿ ಉದ್ದ, ಹತ್ತಡಿ ಅಗಲದ ಒಂದು ಅಂಕಣ. ಮೇಲೆ ಒಂದೂವರೆ ಅಡಿ ಮಣ್ಣು. ಒಟ್ಟು 150 ಘನ ಅಡಿ. ಧಮ್ಮಸ್ಸು ಮಾಡಿದ ಮಣ್ಣು ಘನ ಅಡಿಗೆ ಹತ್ತಿರ ಹತ್ತಿರ 47 ಕೆ.ಜಿ. ತೂಗುತ್ತದೆ. ಎಂದರೆ ಒಂದು ಅಂಕಣದ ಮೇಲೆ ಏಳು ಟನ್ನು. ನಾಲ್ಕು ಅಂಕಣದ ಮನೆಗೆ 28 ಟನ್ನು, ಮೂರು ಲಾರಿ ಲೋಡು. ಅದೇ ಅಂಕಣಕ್ಕೆ ನಾಲ್ಕಿಂಚಿನ ಆರ್‌ಸಿಸಿ ಸ್ಲ್ಯಾಬು ಹಾಕಿದರೆ ಎರಡು ಟನ್ನಿಗಿಂತ ಸ್ವಲ್ಪ ಜಾಸ್ತಿ. ತಗಡು ಹೊದಿಸಿದರೆ ಐವತ್ತು ಕೆ.ಜಿ. ಆಸುಪಾಸು. ಮಳೆಗಾಲದ ಕೊನೆಯ ದಿನಗಳಲ್ಲಿ ಮಣ್ಣು ನೀರು ಕುಡಿದಿದ್ದರೆ ಏಳು ಟನ್ನು ಏಳರಲ್ಲೇ ನಿಲ್ಲುವುದಿಲ್ಲ.

ಈ ಭಾರವೆಲ್ಲ ನೇರ ಕೆಳಗೆ ಒತ್ತುತ್ತಿರುವ ತನಕ ಚಿಂತೆ ಇಲ್ಲ. ಕಲ್ಲಿನ ಗೋಡೆ, ಮರದ ಕಂಬ ಅದನ್ನು ನೂರು ವರ್ಷ ಹೊತ್ತುಕೊಂಡು ನಿಲ್ಲುತ್ತವೆ. ಭೂಕಂಪ ಬಂದಾಗ ನೆಲ ಅಡ್ಡಡ್ಡಲಾಗಿ ಅಲುಗಾಡುತ್ತದೆ. ನಿಂತ ಬಸ್ಸು ಒಮ್ಮೆಲೇ ಮುಂದೆ ನುಗ್ಗಿದರೆ ನಿಂತ ಪ್ರಯಾಣಿಕ ಹಿಂದಕ್ಕೆ ವಾಲುವಂತೆ, ಮನೆಯ ಬುಡ ಸರಿದರೂ ತಲೆ ಅಲ್ಲೇ ಉಳಿಯಲು ನೋಡುತ್ತದೆ. ತಲೆ ಎಷ್ಟು ಭಾರವೋ ಅಷ್ಟು ಜಗ್ಗಾಟ. ನೆಲದ ವೇಗೋತ್ಕರ್ಷ ಗುರುತ್ವದ ಐದನೇ ಒಂದು ಪಾಲು ಎಂದಿಟ್ಟುಕೊಂಡರೂ ಒಂದು ಅಂಕಣಕ್ಕೆ ಸುಮಾರು 1.4 ಟನ್ನಿನಷ್ಟು ಅಡ್ಡ ನೂಕು. ತಗಡಿನ ಮನೆಗೆ ಅದೇ ನೂಕು ಹತ್ತು ಕೆ.ಜಿ. ಮಾತ್ರ.

ಇನ್ನು ಗೋಡೆ. ಎರಡಡಿಯಿಂದ ಹಿಡಿದು ನಾಲ್ಕಡಿಯವರೆಗೂ ದಪ್ಪ. ಈ ಭಾಗದ ಯಾವ ಗೌಂಡಿಯನ್ನು ಕೇಳಿದರೂ 'ಗ್ವಾಡಿ ದಪ್ಪ ಇದ್ದಷ್ಟು ಗಟ್ಟಿ ಅಲ್ಲೇನ್ರೀ?' ಎಂದೇ ಉತ್ತರ. ನೋಡಿದವರಿಗೂ ಹಾಗೆಯೇ ಅನ್ನಿಸುತ್ತದೆ. ಆದರೆ ಈ ನಾಲ್ಕಡಿ ಗೋಡೆ ಒಂದು ಗೋಡೆಯಲ್ಲ. ಹೊರಗೊಂದು ಕಲ್ಲಿನ ವರಸೆ, ಒಳಗೊಂದು ಕಲ್ಲಿನ ವರಸೆ, ನಡುವೆ ಚೂರುಗಲ್ಲು ಮತ್ತು ಮಣ್ಣು ತುಂಬಿದ ಟೊಳ್ಳು. ಹೊರಗಿನ ಮುಖ ಮಾತ್ರ ಕೆತ್ತಿ ನಯ ಮಾಡಿದ ಕಲ್ಲು. ಒಳಗೆ ಗುಂಡುಗುಂಡಾದ ಹೊಲದ ಕಲ್ಲು. ಗಾರೆ ಎಂದರೆ ಬರೀ ಮಣ್ಣು. ಈ ಎರಡು ವರಸೆಗಳನ್ನು ಹಿಡಿದಿಡಲು ಗೋಡೆಯ ಈ ಮೈಯಿಂದ ಆ ಮೈಗೆ ಅಡ್ಡ ಹಾಯುವ ಉದ್ದನೆಯ ಕಲ್ಲುಗಳಿರಬೇಕು. ಅವು ಇರಲಿಲ್ಲ. ಅಲುಗಾಟಕ್ಕೆ ಮೊದಲು ಒಳಗಿನ ಮಣ್ಣು ಕೆಳಕ್ಕೆ ಕುಸಿಯಿತು, ಗೋಡೆಯ ಹೊಟ್ಟೆ ಉಬ್ಬಿತು, ಆಮೇಲೆ ಒಂದು ವರಸೆ ಬೀದಿಗೆ, ಇನ್ನೊಂದು ವರಸೆ ಮಲಗಿದ್ದವರ ಮೇಲೆ. ಮೂಲೆಗಳಲ್ಲಿ ಎರಡು ಗೋಡೆಗಳೂ ಒಂದಕ್ಕೊಂದು ಕೈ ಹಿಡಿದಿರಲಿಲ್ಲ. ಇಕ್ಕಟ್ಟಿನ ಓಣಿಗೆ ಎರಡು ಕಡೆಯಿಂದಲೂ ಕಲ್ಲು ಬಿದ್ದುದರಿಂದ ಹೊರಗೆ ಓಡಿದವರಿಗೂ ದಾರಿ ಸಿಗಲಿಲ್ಲ.

ಕಲ್ಲಿನ ಮನೆ ಕಟ್ಟಲು ಭಾರತೀಯ ಮಾನಕ ಸಂಸ್ಥೆ ಹೊರಡಿಸಿದ ಮಾರ್ಗದರ್ಶಿಯ ಸಂಖ್ಯೆ 13828. ಅದು ಅಚ್ಚಾದದ್ದು, ಕಾಕತಾಳೀಯವೋ ಏನೋ, ಅದೇ 1993ರಲ್ಲಿ. ಕಲ್ಲಿನ ಗೋಡೆ 45 ಸೆಂಟಿಮೀಟರಿಗಿಂತ ದಪ್ಪ ಇರಕೂಡದು ಎಂದು ಅದು ಹೇಳುತ್ತದೆ. ಎಂದರೆ ಒಂದೂವರೆ ಅಡಿ! ಅಡ್ಡ ಹಾಯುವ ಕಲ್ಲುಗಳು ಎತ್ತರದಲ್ಲಿ ಪ್ರತಿ 60 ಸೆಂಟಿಮೀಟರಿಗೆ, ಉದ್ದದಲ್ಲಿ ಪ್ರತಿ 1.2 ಮೀಟರಿಗೆ ಒಂದಾದರೂ ಇರಬೇಕು. ಬಾಗಿಲು, ಕಿಟಕಿಗಳ ಮೇಲೆ ಮನೆಯ ಸುತ್ತ ಸೊಂಟಪಟ್ಟಿಯಂತೆ ಒಂದು ಕಾಂಕ್ರೀಟಿನ ಅಥವಾ ಮರದ ಪಟ್ಟಿ ಓಡಬೇಕು. ಇದರಲ್ಲಿ ರಾಕೆಟ್ ವಿಜ್ಞಾನ ಏನೂ ಇಲ್ಲ. ಉದ್ದ ಕಲ್ಲು ಸಿಗದಿದ್ದರೆ ಕಾಂಕ್ರೀಟಿನ ತುಂಡನ್ನೇ ಎರಕ ಹೊಯ್ದು ಇಟ್ಟರೂ ನಡೆಯುತ್ತದೆ.

ಸೂರಿನ ಭಾರ ಗೋಡೆಯ ಮೇಲಿಲ್ಲದೆ ಮರದ ಕಂಬಗಳ ಮೇಲೆಯೇ ಇದ್ದ ಕೆಲವು ಮನೆಗಳಲ್ಲಿ ಸುತ್ತಲಿನ ಗೋಡೆ ಬಿದ್ದರೂ ಕಂಬ, ತೊಲೆಗಳು ಹಾಗೆಯೇ ನಿಂತವು. ಒಳಗಿದ್ದವರಲ್ಲಿ ಹಲವರು ಉಳಿದರು. ಸಿಮೆಂಟಿನ ಗಾರೆಯಲ್ಲಿ ಕಟ್ಟಿದ್ದ ಬೆರಳೆಣಿಕೆಯ ಇಟ್ಟಿಗೆ ಕಟ್ಟಡಗಳೂ ಸುತ್ತಲಿನ ಕಲ್ಲಿನ ರಾಶಿಯ ನಡುವೆ ನಿಂತಿದ್ದವು. ಊರಂಚಿನಲ್ಲಿ ಹುಲ್ಲಿನದೋ ತಗಡಿನದೋ ಸೂರು ಹಾಕಿಕೊಂಡಿದ್ದ ಬಡವರ ಗುಡಿಸಲುಗಳು ಅಲುಗಾಡಿ ಸುಮ್ಮನಾದವು. ಜೀವಮಾನವಿಡೀ ದುಡಿದು ದಪ್ಪ ಗೋಡೆ ಕಟ್ಟಿಸಿದವರ ಮನೆ ಅವರ ಮೇಲೆಯೇ ಬಿತ್ತು. ಗುಡಿಸಲಿನ ಮಂದಿ ಆ ಕಲ್ಲುಗಳನ್ನು ಸರಿಸಿ ಹೆಣ ತೆಗೆದರು.

ಹೊಸ ಊರು, ಹಳೆ ಮನೆ

ವಿಶ್ವಬ್ಯಾಂಕಿನ ಸಾಲ, ಸರ್ಕಾರದ ಹಣ, ದೇಶದ ನಾನಾ ಮೂಲೆಗಳ ಸಂಸ್ಥೆಗಳ ನೆರವು ಎಲ್ಲ ಸೇರಿ ಐವತ್ತರಷ್ಟು ಹಳ್ಳಿಗಳನ್ನು ಬೇರೆ ಜಾಗದಲ್ಲಿ ಕಟ್ಟಿದರು. ಭೂಮಿ ಇಲ್ಲದವರಿಗೆ ಮತ್ತು ತೀರ ಸಣ್ಣ ಹಿಡುವಳಿಯವರಿಗೆ 250 ಚದರಡಿಯ ಮನೆ, ನಡುವಿನವರಿಗೆ 400, ಹೆಚ್ಚು ಜಮೀನಿದ್ದವರಿಗೆ 750. ಭೂಕಂಪ ಸಮ ಮಾಡಿದ್ದನ್ನು ಚದರಡಿ ಮತ್ತೆ ಮೇಲುಕೀಳು ಮಾಡಿತು ಎಂದು ಯಾರಾದರೂ ಅಂದರೆ ತಪ್ಪೆನ್ನಲಾಗದು. ಮನೆಗಳೇನೋ ಗಟ್ಟಿ. ಬಹುಪಾಲು ಸ್ಲ್ಯಾಬಿನವು. ಒಂದು ಊರಿನಲ್ಲಿ ಮಾತ್ರ ಗುಮ್ಮಟದಾಕಾರದ ಮನೆಗಳ ಸಾಲು; ದೂರದಿಂದ ನೋಡಿದವರಿಗೆ ಬೋರಲು ಹಾಕಿದ ಬೋಗುಣಿಗಳಂತೆ ಕಾಣುತ್ತವೆ. ಆದರೆ ದನ ಕಟ್ಟಲು ಜಾಗ, ಕಾಳು ತುಂಬುವ ಹಗೇವು, ಹೆಂಗಸರು ಕೂತು ಮಾತಾಡುವ ಪಡಸಾಲೆ ಯಾವುದೂ ಆ ನಕ್ಷೆಯಲ್ಲಿ ಇರಲಿಲ್ಲ. ಹೀಗಾಗಿ ಜನ ಪಕ್ಕಕ್ಕೆ ಒಂದು ತಗಡಿನ ಚಪ್ಪರ, ಹಿಂದಕ್ಕೆ ಒಂದು ಕೋಣೆ ಎಂದು ಜೋಡಿಸುತ್ತಾ ಬಂದರು. ಮೂವತ್ತು ವರ್ಷಗಳಲ್ಲಿ ಆ ನೇರ ಗೆರೆಗಳು ಸ್ವಲ್ಪ ಸೊಟ್ಟಗಾಗಿ ಈಗ ಊರಿನ ಕಳೆ ಬಂದಿದೆ.

ಇದಕ್ಕಿಂತ ದೊಡ್ಡ ಕೆಲಸ ಇನ್ನೊಂದಿತ್ತು. ಬೀಳದೆ ಉಳಿದ, ಬಿರುಕು ಬಿಟ್ಟ ಕಲ್ಲಿನ ಮನೆಗಳು ಹತ್ತಾರು ಜಿಲ್ಲೆಗಳ ಸಾವಿರಾರು ಹಳ್ಳಿಗಳಲ್ಲಿ ಹರಡಿದ್ದವು. ಒಂದೂವರೆ ಲಕ್ಷಕ್ಕೂ ಮಿಕ್ಕಿದ ಈ ಮನೆಗಳನ್ನು ದುರಸ್ತಿ ಮಾಡಿ ಬಲಪಡಿಸುವುದು ಯೋಜನೆ. ಮಾಳಿಗೆಯ ಮಣ್ಣು ಇಳಿಸುವುದು, ಗೋಡೆಯಲ್ಲಿ ತೂತು ಕೊರೆದು ಸರಳು ಹಾಕಿ ಕಾಂಕ್ರೀಟು ತುಂಬಿ ಎರಡು ವರಸೆಗಳನ್ನು ಬೆಸೆಯುವುದು, ಕಂಬ ತೊಲೆ ಸೇರುವಲ್ಲಿ ಓರೆಯಾಗಿ ಆಸರೆ ಕೊಡುವುದು. ಕೆಲಸ ಸಣ್ಣದು, ಖರ್ಚೂ ಕಡಿಮೆ. ಆದರೆ ನೆರೆಯೂರಿನಲ್ಲಿ ಕಲ್ಲಿನ ಗೋಡೆಯ ಕೆಳಗಿಂದ ಹೆಣ ತೆಗೆದು ಬಂದವನಿಗೆ ಅದೇ ಗೋಡೆಯಲ್ಲಿ ನಾಲ್ಕು ತೂತು ಕೊರೆದು, ಇನ್ನು ಹೆದರಬೇಡ, ಒಳಗೆ ಮಲಗು ಎಂದರೆ ಹೇಗೆ ನಂಬಿಯಾನು? ಬಹಳಷ್ಟು ಜನ ಸಹಾಯಧನ ಪಡೆದು, ಹಳೆಯ ಮನೆಯನ್ನು ಮುಟ್ಟದೆ, ಪಕ್ಕದಲ್ಲಿ ಇಟ್ಟಿಗೆಯ ಒಂದು ಸಣ್ಣ ಕೋಣೆ ಕಟ್ಟಿಕೊಂಡರು. ಮೊದಮೊದಲು ಎಲ್ಲರೂ ಆ ಕೋಣೆಯಲ್ಲೇ ಮಲಗಿದರು. ವರ್ಷ ಕಳೆದಂತೆ, ಬೇಸಿಗೆಯ ಕಾವು ಏರಿದಂತೆ, ಹಳೆಯ ಮಾಳಿಗೆಯ ತಂಪು ಮತ್ತೆ ಕರೆಯಿತು.

ಕಾಗದದ ಮೇಲಿನ ಮನೆಗಳು

ಕಿಲ್ಲಾರಿಯ ಮರುವರ್ಷ, 1994ರಲ್ಲಿ, ಕೇಂದ್ರ ಸರ್ಕಾರ ಒಂದು ತಜ್ಞರ ತಂಡ ನೇಮಿಸಿತು. ಅದರ ಮುಖ್ಯಸ್ಥರು ರೂರ್ಕಿಯ ಪ್ರೊ. ಆನಂದ ಸ್ವರೂಪ್ ಆರ್ಯ. ಭಾರತದಲ್ಲಿ ಭೂಕಂಪಕ್ಕೆ ತಾಳುವ ಮನೆಯ ಬಗ್ಗೆ ಎಲ್ಲರಿಗಿಂತ ಮೊದಲು, ಎಲ್ಲರಿಗಿಂತ ಹೆಚ್ಚು ಕಾಲ ತಲೆಕೆಡಿಸಿಕೊಂಡವರಲ್ಲಿ ಅವರು ಒಬ್ಬರು. ತಂಡದ ಮುಂದಿದ್ದ ಪ್ರಶ್ನೆ ಸರಳ. ಮುಂದಿನ ಭೂಕಂಪ ಎಲ್ಲಿ ಎಂದು ಯಾರಿಗೂ ಗೊತ್ತಿಲ್ಲ. ಆದರೆ ಎಲ್ಲಿ ಆದರೆ ಎಷ್ಟು ಮನೆ ಬಿದ್ದಾವು ಎಂದು ಮೊದಲೇ ಹೇಳಬಹುದೇ? ಕೋಟಿಗಟ್ಟಲೆ ಮನೆಗಳ ಬಾಗಿಲಿಗೆ ಎಂಜಿನಿಯರರನ್ನು ಕಳಿಸುವುದು ಆಗದ ಮಾತು. ಆಗ ಅವರ ಕಣ್ಣಿಗೆ ಬಿದ್ದದ್ದು ಜನಗಣತಿ.

ಹತ್ತು ವರ್ಷಕ್ಕೊಮ್ಮೆ ಮನೆಪಟ್ಟಿ ಮಾಡುವಾಗ ಗಣತಿದಾರರು ಗೋಡೆ ಯಾವುದರದು, ಸೂರು ಯಾವುದರದು ಎಂದು ಕೇಳಿ ಬರೆದುಕೊಳ್ಳುತ್ತಾರೆ. ಹುಲ್ಲು-ಬಿದಿರು, ಮಣ್ಣು, ಹಸಿ ಇಟ್ಟಿಗೆ, ಸುಟ್ಟ ಇಟ್ಟಿಗೆ, ಕಲ್ಲು, ಕಾಂಕ್ರೀಟು, ಮರ, ತಗಡು. ಈ ಗಣತಿದಾರರಲ್ಲಿ ಹೆಚ್ಚಿನವರು ಶಾಲಾ ಮಾಸ್ತರರೇ. ಬಿಸಿಲಲ್ಲಿ ಮನೆಮನೆ ಸುತ್ತಿ, ನಾಯಿಗಳಿಗೆ ಹೆದರುತ್ತಾ, ಬಾಗಿಲ ಮೇಲೆ ನಂಬರು ಬರೆದು ಬರುವ ಈ ಮಂದಿಗೆ ತಾವು ಭೂಕಂಪಶಾಸ್ತ್ರಕ್ಕೆ ಸೇವೆ ಸಲ್ಲಿಸುತ್ತಿದ್ದೇವೆ ಎಂದು ಯಾರೂ ಹೇಳಿರಲಾರರು. ತಜ್ಞರ ತಂಡ 1991ರ ಗಣತಿಯ ಈ ಕಾಲಮ್ಮುಗಳನ್ನು ತೆಗೆದುಕೊಂಡು ಮನೆಗಳನ್ನು ಗುಂಪು ಮಾಡಿತು. ಮಣ್ಣು, ಹಸಿ ಇಟ್ಟಿಗೆ, ಕಲ್ಲಿನವು ಎಲ್ಲಕ್ಕಿಂತ ದುರ್ಬಲವಾದ ಗುಂಪು. ಸುಟ್ಟ ಇಟ್ಟಿಗೆಯವು ನಡುವಿನದು. ಕಾಂಕ್ರೀಟು, ಮರದವು ಗಟ್ಟಿ. ಬಿದಿರು, ಹುಲ್ಲು, ತಗಡಿನಂತಹ ಹಗುರ ಮನೆಗಳು ಬೇರೆಯೇ ಒಂದು ಗುಂಪು. ಪ್ರತಿ ಗುಂಪಿಗೂ ಭೂಕಂಪದ ಯಾವ ತೀವ್ರತೆಯಲ್ಲಿ ಎಷ್ಟು ಹಾನಿ ಎಂದು ಗುರುತಿಸಿ, ಜಿಲ್ಲೆ ಜಿಲ್ಲೆಗೆ ಕೋಷ್ಟಕ ಹಾಕಿತು. ಬಿರುಗಾಳಿ, ನೆರೆಹಾವಳಿಗೂ ಇದೇ ಲೆಕ್ಕ. 1997ರಲ್ಲಿ ಇದು ದೊಡ್ಡ ಅಟ್ಲಾಸಾಗಿ ಹೊರಬಂತು. 2001ರ ಗಣತಿಯ ಮೇಲೆ 2006ರಲ್ಲಿ ಎರಡನೆಯದು, 2011ರ ಗಣತಿಯ ಮೇಲೆ 2019ರಲ್ಲಿ ಮೂರನೆಯದು ಬಂದವು.

ಒಂದು ಜಿಲ್ಲಾಧಿಕಾರಿಗೆ ತನ್ನ ಜಿಲ್ಲೆಯಲ್ಲಿ ಇಷ್ಟು ಸಾವಿರ ಮನೆ ಅಪಾಯದಲ್ಲಿವೆ ಎಂದು ಒಂದೇ ಪುಟದಲ್ಲಿ ತೋರಿಸಿಕೊಟ್ಟ ಕೆಲಸ ಸಣ್ಣದಲ್ಲ. ನೆಲದೊಳಗಿನ ಬಿರುಕು ಕಾಣುವುದಿಲ್ಲ. ಅದರ ಲೆಕ್ಕ ಕಿಲ್ಲಾರಿಯಲ್ಲಿ ತಪ್ಪಿತ್ತು, ಇನ್ನೆಲ್ಲೋ ಮತ್ತೆ ತಪ್ಪಬಹುದು. ಗೋಡೆ ಹಾಗಲ್ಲ. ಅದು ನೆಲದ ಮೇಲೆ ಎಲ್ಲರ ಕಣ್ಣೆದುರಿಗೆ ಇದೆ, ಎಣಿಸಿದರೆ ಎಣಿಕೆಗೆ ಸಿಗುತ್ತದೆ. ಆದರೆ ಎಣಿಸುವವನು ಕೇಳುವ ಪ್ರಶ್ನೆ ಗೋಡೆಯ ಒಳಗೆ ಹೋಗಬೇಕು.

ಗಣತಿಯ ಕಾಲಮ್ಮಿನಲ್ಲಿ 'ಕಲ್ಲು' ಎಂದು ಬರೆದರೆ ಕಿಲ್ಲಾರಿಯ ಮಣ್ಣುಗಾರೆಯ ಗೋಡೆಯೂ ಕಲ್ಲೇ, ಸಿಮೆಂಟಿನಲ್ಲಿ ಕೂರಿಸಿದ ಸೈಜುಗಲ್ಲಿನ ಗೋಡೆಯೂ ಕಲ್ಲೇ. 2011ರ ಗಣತಿಯಲ್ಲಿ ಗಾರೆ ಹಾಕಿದ ಕಲ್ಲು, ಗಾರೆ ಇಲ್ಲದ ಕಲ್ಲು ಎಂದು ಎರಡು ಮಾಡಿದರು. ಅದು ಒಂದು ಹೆಜ್ಜೆ. ಅಡ್ಡ ಹಾಯುವ ಕಲ್ಲು ಇದೆಯೇ ಎಂದು ಯಾರೂ ಕೇಳುವುದಿಲ್ಲ. ಮಾಳಿಗೆಯ ಮಣ್ಣು ಎಷ್ಟು ಅಡಿ ಎಂದೂ ಕೇಳುವುದಿಲ್ಲ. ಗೋಡೆಯ ಕಾಲಮ್ಮು ಒಂದು ಕಡೆ, ಸೂರಿನ ಕಾಲಮ್ಮು ಇನ್ನೊಂದು ಕಡೆ. ದೇಶದ ಹೆಚ್ಚುಕಡಿಮೆ ಅರ್ಧದಷ್ಟು ಮನೆಗಳ ಗೋಡೆ ಸುಟ್ಟ ಇಟ್ಟಿಗೆಯದು ಎಂದು 2011ರ ಗಣತಿ ಹೇಳಿತು. ಅವುಗಳಲ್ಲಿ ಎಷ್ಟಕ್ಕೆ ಸೊಂಟಪಟ್ಟಿ ಇದೆ ಎಂದು ತಿಳಿಯಲು ಆ ಪಟ್ಟಿಯಲ್ಲಿ ದಾರಿ ಇಲ್ಲ.

ಉಪಗ್ರಹದ ಚಿತ್ರಗಳಿಂದ ಊರಿನ ಮನೆಗಳನ್ನೆಲ್ಲ ಕೂತಲ್ಲೇ ಎಣಿಸುವ ಕಾಲವೂ ಬಂದಿದೆ. ಕಂಪ್ಯೂಟರು ಸೂರಿನ ಆಕಾರ, ಬಣ್ಣ ನೋಡಿ ಇದು ತಗಡು, ಇದು ಹೆಂಚು ಎಂದು ವಿಂಗಡಿಸುತ್ತದೆ. ಆದರೆ ಆಕಾಶದಿಂದ ನೋಡಿದರೆ ಎರಡಡಿ ಮಣ್ಣಿನ ಮಾಳಿಗೆಯೂ ನಾಲ್ಕಿಂಚಿನ ಸ್ಲ್ಯಾಬೂ ಒಂದೇ ಥರದ ಚೌಕಗಳು. ಮಾಳಿಗೆಯ ಮೇಲೆ ಒಂದು ಪದರ ಸಿಮೆಂಟು ಸವರಿದ್ದರಂತೂ ಮುಗಿದೇಹೋಯಿತು. ಬೀದಿಯಲ್ಲಿ ನಡೆಯುತ್ತಾ, ಮನೆಗೆ ಹತ್ತು ಹದಿನೈದು ನಿಮಿಷದಂತೆ ಹೊರಗಿನಿಂದಲೇ ನೋಡಿ ಅಂಕ ಹಾಕುವ ಪದ್ಧತಿ ಇನ್ನೊಂದು. ಅಮೆರಿಕದಲ್ಲಿ 1988ರಲ್ಲಿ ಅದಕ್ಕೆ ಒಂದು ಕೈಪಿಡಿ ಬಂತು. ನಮ್ಮ ದೇಶಕ್ಕೆ ಹೊಂದುವಂತೆ ಇಲ್ಲಿಯೂ ನಮೂನೆಗಳು ತಯಾರಾದವು. ನಗರಗಳಿಗೆ ಇದು ಬಹಳ ಉಪಯೋಗ. 2001ರ ಜನವರಿ 26ರಂದು ಕಛ್‌ನಲ್ಲಿ ಭೂಮಿ ನಡುಗಿದಾಗ ಇನ್ನೂರು ಕಿಲೋಮೀಟರಿಗೂ ಹೆಚ್ಚು ದೂರದ ಅಹಮದಾಬಾದಿನಲ್ಲಿ ಬಹುಮಹಡಿ ಕಟ್ಟಡಗಳು ಕುಸಿದವಷ್ಟೆ. ಅವುಗಳಲ್ಲಿ ಅನೇಕವು ಕೆಳಗೆ ಕಾರು ನಿಲ್ಲಿಸಲು ಗೋಡೆಯೇ ಇಲ್ಲದೆ ಬರೀ ಕಂಬಗಳ ಮೇಲೆ ನಿಂತಿದ್ದವು. ಆ ದೋಷ ಬೀದಿಯಿಂದಲೇ ಕಾಣುತ್ತದೆ. ಬೆಂಗಳೂರಿನ ಯಾವುದೇ ಬಡಾವಣೆಯಲ್ಲಿ ಒಂದು ಸುತ್ತು ಹಾಕಿದವರಿಗೂ ಕಾಣುತ್ತದೆ. ಹಳ್ಳಿಯ ಕಲ್ಲಿನ ಗೋಡೆಯ ಟೊಳ್ಳು ಬೀದಿಯಿಂದ ಕಾಣುವುದಿಲ್ಲ.

ಅದು ಗೊತ್ತಿರುವುದು ಕಟ್ಟಿದ ಗೌಂಡಿಗೆ, ಇಲ್ಲವೇ ಅವನ ಮಗನಿಗೆ. ಈ ಓಣಿಯ ಗೋಡೆಗಳನ್ನು ಯಾರು ಕಟ್ಟಿದರು, ಯಾವ ಮನೆಗೆ ಸುಣ್ಣದ ಗಾರೆ ಹಾಕಿದ್ದರು, ಯಾವುದಕ್ಕೆ ಬರೀ ಮಣ್ಣು, ಯಾವ ಕಂಬ ಬದಲಾಯಿಸಿದ್ದಾರೆ ಎಂದು ಅವನು ಬಾಯಲ್ಲೇ ಹೇಳಬಲ್ಲ. ದೊಡ್ಡ ದೊಡ್ಡ ಸಮೀಕ್ಷೆಗಳ ನಮೂನೆಯಲ್ಲಿ ಅವನನ್ನು ಕೇಳುವ ಕಾಲಮ್ಮು ಇಲ್ಲ.

ಗಡಿಯ ಈ ಕಡೆ

ಕಿಲ್ಲಾರಿಯಿಂದ ಹಿಂದಿರುಗಿ ಗಡಿ ದಾಟಿ, ಕಲಬುರಗಿಯ ಪೂರ್ವಕ್ಕೆ ಚಿಂಚೋಳಿ ತಾಲ್ಲೂಕಿಗೆ ಹೋದರೆ ಗಡಿಕೇಶ್ವಾರ ಎಂಬ ಊರಿದೆ. 2021ರ ಅಕ್ಟೋಬರಿನಲ್ಲಿ ಈ ಊರಿನ ಹೆಸರು ಪತ್ರಿಕೆಗಳಲ್ಲಿ ದಿನವೂ ಬಂತು. ನೆಲದೊಳಗಿಂದ ಗುಡುಗಿನಂಥ ಸದ್ದು, ಆಮೇಲೆ ನಡುಕ. ದೊಡ್ಡದೆಂದರೆ ನಾಲ್ಕರ ಆಸುಪಾಸಿನ ಪ್ರಮಾಣ. ಮನೆಗಳಲ್ಲಿ ಬಿರುಕು ಬಿಟ್ಟಿತು. ಜನ ರಾತ್ರಿಯೆಲ್ಲ ಹೊರಗೆ ಮಲಗಿದರು, ಎಷ್ಟೋ ಮಂದಿ ಊರನ್ನೇ ಬಿಟ್ಟು ನೆಂಟರ ಮನೆಗೆ ಹೋದರು. ವಿಜ್ಞಾನಿಗಳು ಬಂದು ಕಂಪನ ಅಳೆಯುವ ಯಂತ್ರ ಇಟ್ಟರು. ಊರಿನ ಹಿರಿಯರಿಗೆ ಕಿಲ್ಲಾರಿ ನೆನಪಿತ್ತು. 1992ರಲ್ಲಿ ಅಲ್ಲಿಯೂ ಹೀಗೇ ಸಣ್ಣ ಸಣ್ಣದಾಗಿ ಶುರುವಾಗಿತ್ತಲ್ಲ! ಸಣ್ಣ ಕಂಪನಗಳ ಹಿಂದೆ ದೊಡ್ಡದು ಬಂದೇ ಬರುತ್ತದೆ ಎಂದೇನಿಲ್ಲ, ಹೆಚ್ಚಿನ ಸಲ ಬರುವುದಿಲ್ಲ ಎಂಬುದು ವಿಜ್ಞಾನದ ಮಾತು. ಆದರೆ ಆ ಮಾತನ್ನು ತಲೆದಿಂಬು ಮಾಡಿಕೊಂಡು ಮಣ್ಣಿನ ಮಾಳಿಗೆಯ ಕೆಳಗೆ ನಿದ್ರೆ ಮಾಡುವುದು ಕಷ್ಟ.

2002ರ ನಕ್ಷೆಯ ಊರುಗಳ ಪಟ್ಟಿಯಲ್ಲಿ ವಿಜಯಪುರ, ಬೆಳಗಾವಿ, ಧಾರವಾಡಗಳು ಮೂರನೆಯ ವಲಯಕ್ಕೆ ಸೇರಿದ್ದವು. ಕಲಬುರಗಿಯದು ಎರಡನೆಯ ವಲಯ. ಒಂದನೆಯದನ್ನು ತೆಗೆದುಹಾಕಿದ್ದರಿಂದ ಎರಡೇ ಅಲ್ಲಿ ಎಲ್ಲಕ್ಕಿಂತ ಕೆಳಗಿನದು. ಕಿಲ್ಲಾರಿಯೂ ಅಂದು ಎಲ್ಲಕ್ಕಿಂತ ಕೆಳಗಿನದರಲ್ಲೇ ಇತ್ತು.

ಚಿಂಚೋಳಿ, ಸೇಡಂ, ಆಳಂದದ ಹಳ್ಳಿಗಳಲ್ಲಿ ಈಗ ಮನೆಗಳ ಮುಖ ಬದಲಾಗುತ್ತಿದೆ. ಮಗ ಪುಣೆಗೋ ಹೈದರಾಬಾದಿಗೋ ಹೋಗಿ ದುಡಿದು ಕಳಿಸಿದ ದುಡ್ಡಿನಲ್ಲಿ ಮೊದಲು ಆಗುವುದು ಬೀದಿಯ ಕಡೆಯ ಗೋಡೆಗೆ ಸಿಮೆಂಟಿನ ಗಿಲಾವು. ಅದರ ಮೇಲೆ ಗುಲಾಬಿಯೋ ಹಸಿರೋ ಬಣ್ಣ, ಬಾಗಿಲಿಗೆ ಕಬ್ಬಿಣದ ಗ್ರಿಲ್ಲು. ಕೆಳಗೆ ಅದೇ ಎರಡು ವರಸೆಯ ಕಲ್ಲು, ನಡುವೆ ಅದೇ ಮಣ್ಣು, ಮೇಲೆ ಅದೇ ಮಾಳಿಗೆ. ಕೆಲವರು ಆ ಹಳೆಯ ಗೋಡೆಯ ಮೇಲೆಯೇ ಶಹಾಬಾದಿ ಪರಸಿ ಹಾಸಿಯೋ ಸ್ಲ್ಯಾಬು ಹೊಯ್ದೋ ಮೇಲೊಂದು ಕೋಣೆ ಎಬ್ಬಿಸಿದ್ದಾರೆ. 2021ರಲ್ಲಿ ನಡೆಯಬೇಕಿದ್ದ ಗಣತಿ ಮುಂದೆ ಹೋದದ್ದರಿಂದ 2019ರ ಅಟ್ಲಾಸಿನಲ್ಲಿ ಈ ಊರುಗಳು 2011ರಲ್ಲಿ ಇದ್ದ ಹಾಗೆಯೇ ಇವೆ.

ಆಳಂದದ ದಾರಿಯ ಹಳ್ಳಿಗಳಲ್ಲಿ ಹಳೆಯ ಚೌಕಟ್ಟುಗಳನ್ನು ನಿಂತು ನೋಡಿದರೆ, ಬಣ್ಣದ ಕೆಳಗೆ ಹಿಂದಿನ ಗಣತಿಗಳ ನಂಬರುಗಳು ಇನ್ನೂ ಮಸುಕಾಗಿ ಕಾಣುತ್ತವೆ, ಒಂದರ ಮೇಲೊಂದು. ಮುಂದಿನ ಗಣತಿಯ ಮಾಸ್ತರರು ಇಂಥ ಗುಲಾಬಿ ಬಣ್ಣದ ಮನೆಯ ಮುಂದೆ ನಿಂತು, ಗೋಡೆ ಯಾವುದರದ್ದು ಎಂದು ಕೇಳುತ್ತಾರೆ. ಮನೆಯವರು ಹೊಸ ಗಿಲಾವಿನ ಮೇಲೆ ಕೈಯಾಡಿಸಿ 'ಸಿಮಿಟಿಂದ್ರೀ ಸರ್' ಎನ್ನುತ್ತಾರೆ. ಮಾಸ್ತರರಿಗೆ ಸಂಜೆಯೊಳಗೆ ಇನ್ನೂ ಮೂವತ್ತು ಮನೆ ಮುಗಿಸಬೇಕು.